ತೇರ್ಸ್ ಹೊತ್ತಿಗೆ ಮಗ ಮಂಚದ ಕೆಳಗೆ

ಪ್ರಶ್ನೆ: ನಾವು ಮೂಡುಬಿದಿರೆ ಕಡೆಯ ಕ್ಯಾಥೊಲಿಕರು. ಬೆಂಗಳೂರಿನಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಕಳೆದ ವರ್ಷ ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರು ಬಂದಮೇಲೆ ದಿನಾ ರಾತ್ರಿ ಎಂಟಕ್ಕೆ ಮನೆಯಲ್ಲಿ ತೇರ್ಸ್ (ಜಪಸರ ಪ್ರಾರ್ಥನೆ) ಶುರುವಾಗಿದೆ. ನನಗೂ ಅದು ಇಷ್ಟವೇ. ಆದರೆ ಮಗ ಎರಡು ನಿಮಿಷ ಕೂರುವುದಿಲ್ಲ. ಹೊರಳಾಡುತ್ತಾನೆ, ಜಪಸರ ಕೊರಳಿಗೆ ಹಾಕಿಕೊಂಡು ಕುಣಿಯುತ್ತಾನೆ, ನಡುವೆ ಕಾರಿನ ಸದ್ದು ಮಾಡುತ್ತಾನೆ. ‘ಹೀಗೆ ಮಾಡಿದ್ರೆ ಜೆಜುವಿಗೆ ಕೋಪ ಬರ್ತದೆ’ ಎಂದು ಅತ್ತೆ ಗದರುತ್ತಾರೆ (ಜೆಜು ಅಂದರೆ ಯೇಸು). ಈಚೆಗೆ ತೇರ್ಸ್ ಅಂದರೆ ಸಾಕು, ಮಂಚದ ಕೆಳಗೆ ಹೋಗಿ ಅವಿತುಕೊಳ್ಳುತ್ತಾನೆ. ಕತ್ತಲಾದ ಮೇಲೆ ಆಲ್ತಾರ್ (ದೇವರ ಪೀಠ) ಇರುವ ಹಾಲ್‌ಗೆ ಒಬ್ಬನೇ ಹೋಗುವುದಿಲ್ಲ. ಭಾನುವಾರ ಚರ್ಚಿನಲ್ಲೂ ಗಲಾಟೆ. ನಾನು ಸಡಿಲ ಬಿಟ್ಟಿದ್ದೇ ಕಾರಣ ಅಂತ ಅತ್ತೆಯ ಅಭಿಪ್ರಾಯ. ಗಂಡ ಲ್ಯಾಪ್‌ಟಾಪ್ ಮುಂದೆ ಕೂತಲ್ಲಿಂದಲೇ ‘ಆಮೆನ್’ ಹೇಳುತ್ತಾರೆ. ಬಲವಂತ ಮಾಡಬೇಕೆ, ಬಿಟ್ಟುಬಿಡಬೇಕೆ? ಸುಮ್ಮನೆ ಕೂತರೆ ಚಾಕೊಲೇಟ್ ಕೊಡಬಹುದೆ? ಇನ್ನೊಂದು: ಗುಡ್ ಫ್ರೈಡೇ ದಿನ ಶಿಲುಬೆ ಹಾದಿಯ ಅಭಿನಯ ನೋಡಿ ಬಂದಾಗಿನಿಂದ ‘ಜೆಜುಗೆ ಯಾಕೆ ಮೊಳೆ ಹೊಡೆದ್ರು’ ಎಂದು ಕೇಳುತ್ತಲೇ ಇರುತ್ತಾನೆ. ಏನು ಹೇಳಲಿ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ಕಲಸಿಹೋಗಿವೆ. ಮನೆಯಲ್ಲಿ ಕಿರಿಕಿರಿ ನಡೆಯುತ್ತಿರುವುದು ಹುಡುಗ ಕೂರುವುದಿಲ್ಲ ಎನ್ನುವುದಕ್ಕೆ. ಅದು ಕಾಯಿಲೆಯೂ ಅಲ್ಲ, ಅಶಿಸ್ತೂ ಅಲ್ಲ, ನಿಮ್ಮ ಸಡಿಲದ ಫಲವೂ ಅಲ್ಲ. ಎರಡನೆಯದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ಕತ್ತಲಾದ ಮೇಲೆ ಅವನು ಆಲ್ತಾರ್ ಇರುವ ಕಡೆ ಹೋಗುವುದಿಲ್ಲ. ನನ್ನ ಗಮನ ಇರುವುದು ಅಲ್ಲಿ. ಆದರೆ ಮೊದಲನೆಯದನ್ನು ಬಗೆಹರಿಸದೆ ಎರಡನೆಯದಕ್ಕೆ ಕೈ ಹಾಕಲಾಗುವುದಿಲ್ಲ, ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ತೇರ್ಸ್ ಎಂದರೆ ಐದು ರಹಸ್ಯ (ಯೇಸು, ಮರಿಯಮ್ಮನವರ ಬದುಕಿನ ಘಟನೆಗಳ ಧ್ಯಾನ), ಒಂದೊಂದಕ್ಕೂ ಹತ್ತು ‘ನಮಾನ್ ಮರಿಯೆ’ (ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ), ಆರಂಭದ ಮೂರು ಸೇರಿಸಿದರೆ 53. ಅದರ ಮೇಲೆ ಲಿಟನಿ (ಸಾಲುಸಾಲಾಗಿ ಬೇಡುವ ಬಿನ್ನಹ), ತೀರಿಹೋದವರಿಗಾಗಿ ಪ್ರಾರ್ಥನೆ, ಕೊನೆಗೊಂದು ಗೀತೆ. ಚುರುಕಾಗಿ ಹೇಳುವ ಮನೆಯಲ್ಲಿ ಇಪ್ಪತ್ತು ನಿಮಿಷ, ನಿಧಾನಕ್ಕೆ ಹೇಳುವ ಮನೆಯಲ್ಲಿ ಅರ್ಧ ಗಂಟೆ. ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು ದೊಡ್ಡವರಿಗೆ ವಿಶ್ರಾಂತಿ. ನಾಲ್ಕೂವರೆ ವರ್ಷದವನಿಗೆ ಅದರಲ್ಲಿ ಕೈಗೆ ಕೆಲಸವಿಲ್ಲ, ಕಣ್ಣಿಗೆ ಬದಲಾವಣೆಯಿಲ್ಲ, ಯಾವಾಗ ಮುಗಿಯುತ್ತದೆ ಎನ್ನುವ ಅಂದಾಜೂ ಇಲ್ಲ. ತಾನು ಮಾಡಲು ಏನೂ ಇಲ್ಲದ ಕಡೆ ಆ ವಯಸ್ಸಿನವರು ಐದು ನಿಮಿಷ ಕೂತರೆ ಅದೇ ಹೆಚ್ಚು. ಕಾರಿನ ಸದ್ದು ಮಾಡುತ್ತಾನಲ್ಲ, ಅದು ತಲೆಹರಟೆಯಲ್ಲ. ಖಾಲಿ ಬಿಟ್ಟ ಜಾಗವನ್ನು ತುಂಬಿಕೊಳ್ಳುತ್ತಿದ್ದಾನೆ, ಅಷ್ಟೆ.

ಹೊತ್ತೂ ಸರಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಂದು ಹೊರತಂದ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಸ್ಕೂಲ್ ವ್ಯಾನ್‌ಗಾಗಿ ಬೆಳಿಗ್ಗೆ ಆರೂವರೆಗೆ ಎಬ್ಬಿಸುತ್ತೀರಿ ಎಂದುಕೊಂಡರೆ, ಮಧ್ಯಾಹ್ನ ಮಲಗದ ಮಗು ರಾತ್ರಿ ಎಂಟೂವರೆಗೆ ನಿದ್ದೆಯಲ್ಲಿರಬೇಕು. ಅಂದರೆ ಅವನು ದಿನದಲ್ಲೇ ಅತಿ ಹೆಚ್ಚು ದಣಿದಿರುವ ಗಳಿಗೆಯಲ್ಲಿ ನೀವು ಅವನಿಂದ ಅತಿ ಕಷ್ಟದ ಕೆಲಸ ಕೇಳುತ್ತಿದ್ದೀರಿ. ದಣಿದ ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಿಲ್ಲ, ಕುಣಿಯುತ್ತಾರೆ. ಅದೇ ಮಾರ್ಗಸೂಚಿ ದಿನಕ್ಕೆ ಮೂರು ಗಂಟೆಯಾದರೂ ಮೈ ಚಲನೆ ಬೇಕು ಎನ್ನುತ್ತದೆ. ಫ್ಲ್ಯಾಟ್‌ನಲ್ಲಿ ಬೆಳೆಯುವ, ಶಾಲೆಯಲ್ಲಿ ಬೆಂಚಿನ ಮೇಲೆ ಕೂತು ಬರುವ ಹುಡುಗನಿಗೆ ಅದು ಎಲ್ಲಿ ಸಿಗುತ್ತಿದೆ, ಒಮ್ಮೆ ಯೋಚಿಸಿ. ಸಂಜೆ ಒಂದು ಗಂಟೆ ಕೆಳಗೆ ಓಡಾಡಿ ಬಂದ ದಿನ ತೇರ್ಸ್ ಹೊತ್ತಿನ ಗಲಾಟೆ ಅರ್ಧಕ್ಕರ್ಧ ಇಳಿಯುವುದನ್ನು ನೀವೇ ನೋಡುತ್ತೀರಿ.

‘ಚಿಕ್ಕಂದಿನಲ್ಲೇ ಬಗ್ಗಿಸದಿದ್ದರೆ ಮುಂದೆ ಬಗ್ಗುತ್ತಾನಾ’ ಎಂದು ಅತ್ತೆ ಕೇಳಬಹುದು. ಅವರು ವೈದ್ಯರ ಮಾತಿಗಿಂತ ಚರ್ಚಿನ ಮಾತನ್ನು ಹೆಚ್ಚು ನಂಬುತ್ತಾರೆ ಎಂದು ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ಹಾಗಾದರೆ ಚರ್ಚಿನ ಮಾತನ್ನೇ ಹೇಳೋಣ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಏಳು ವರ್ಷ ತುಂಬದ ಮಗುವಿನ ಮೇಲೆ ಭಾನುವಾರದ ಪೂಜೆಯ ಕಟ್ಟುಪಾಡನ್ನೇ ಹೇರುವುದಿಲ್ಲ. ಪೋಪ್ ಹತ್ತನೆಯ ಭಕ್ತಿನಾಥರು (ಪಯಸ್) 1910ರಲ್ಲಿ ಮೊದಲ ಪರಮಪ್ರಸಾದದ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯ) ವಯಸ್ಸನ್ನು ಇಳಿಸಿದಾಗಲೂ ಏಳರ ಆಸುಪಾಸಿಗೇ ನಿಲ್ಲಿಸಿದರು. ಮಕ್ಕಳ ಪೂಜೆಗೆಂದೇ 1973ರಲ್ಲಿ ವ್ಯಾಟಿಕನ್ ಹೊರಡಿಸಿದ ನಿರ್ದೇಶಿಕೆಯಂತೂ ಇನ್ನೂ ಮುಂದೆ ಹೋಗಿದೆ: ಪೂಜೆಯಲ್ಲಿ ಭಾಗವಹಿಸಲಾಗದ ಎಳೆಯ ಮಕ್ಕಳನ್ನು ಬೇರೆ ಕಡೆ ಯಾರಾದರೂ ನೋಡಿಕೊಳ್ಳಲಿ, ಕೊನೆಯಲ್ಲಿ ಆಶೀರ್ವಾದಕ್ಕೆ ಕರೆತಂದರೂ ಆದೀತು ಎನ್ನುತ್ತದೆ. ಪೂಜೆಗೇ ಇಷ್ಟು ವಿನಾಯಿತಿ ಇರುವಾಗ ಮನೆಯ ತೇರ್ಸ್‌ಗೆ ಐದೂ ರಹಸ್ಯ ಅಲುಗಾಡದೆ ಕೂರಬೇಕೆಂದು ಯಾರೂ ಹೇಳಿಲ್ಲ.

ಇದನ್ನು ಅತ್ತೆಗೆ ನೀವು ಹೇಳಬೇಡಿ. ನಿಮ್ಮ ಗಂಡ ಹೇಳಲಿ, ಅಥವಾ ಮನೆ ಭೇಟಿಗೆ ಬರುವ ಫಾದರ್ ಬಾಯಲ್ಲಿ ಬರಲಿ. ಸೊಸೆ ಕಾನೂನು ಹೇಳಿದರೆ ಅದು ಕಾನೂನಾಗಿ ಕೇಳಿಸುವುದಿಲ್ಲ.

ಹಾಗಂತ ಪೂರ್ತಿ ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ. ‘ದೊಡ್ಡವನಾದ ಮೇಲೆ ಬೇಕಾದರೆ ಅವನೇ ಪ್ರಾರ್ಥನೆ ಮಾಡಲಿ’ ಎನ್ನುವವರು ಈಗ ನಗರದಲ್ಲಿ ಹೆಚ್ಚಾಗಿದ್ದಾರೆ. ಮನೆಯವರೆಲ್ಲ ಒಂದು ಕಡೆ ಸೇರುವ ಏಕೈಕ ಹೊತ್ತಿನಿಂದ ಮಗುವನ್ನು ಹೊರಗಿಟ್ಟು, ಟ್ಯಾಬ್ ಕೊಟ್ಟು ರೂಮಿನಲ್ಲಿ ಕೂರಿಸಿದರೆ ಅವನು ಕಲಿಯುವುದು ಒಂದೇ: ಪ್ರಾರ್ಥನೆ ಎಂದರೆ ನನ್ನನ್ನು ದೂರ ಇಡುವ ಸಮಯ. ಅವನಿಗೆ ಪಾಲು ಬೇಕು, ಆದರೆ ಅವನ ಅಳತೆಯ ಪಾಲು.

ನಾನು ಹೇಳುವ ಏರ್ಪಾಡು ಇದು. ತೇರ್ಸ್ ಏಳು ಗಂಟೆಗೆ ಬರಲಿ, ಊಟಕ್ಕೆ ಮುಂಚೆ. ನೀವು ಅಷ್ಟರಲ್ಲಿ ಮನೆ ಸೇರುವುದು ಆಗದಿದ್ದರೆ ಎರಡು ಭಾಗ ಮಾಡಿ: ಮಗನ ಜೊತೆ ಏಳೂವರೆಗೆ ಒಂದೇ ರಹಸ್ಯ, ಅವನು ಮಲಗಿದ ಮೇಲೆ ದೊಡ್ಡವರು ಉಳಿದ ನಾಲ್ಕು. ಅತ್ತೆಯ ತೇರ್ಸ್ ಒಂದು ಮಣಿಯೂ ಕಡಿಮೆಯಾಗುವುದಿಲ್ಲ, ಅದನ್ನು ಅವರಿಗೆ ಮೊದಲೇ ಖಾತ್ರಿ ಮಾಡಿಕೊಡಿ.

ಮಗನ ಪಾಲಿನ ಆ ಆರೇಳು ನಿಮಿಷಗಳಲ್ಲಿ ಅವನ ಕೈಗೆ ಕೆಲಸವಿರಲಿ. ಹಾಲಿನ ಟ್ಯೂಬ್‌ಲೈಟ್ ಆರಿಸುವುದು ಅವನ ಕೆಲಸ. ಕಡ್ಡಿ ಗೀರುವುದು ಅಪ್ಪ, ಆದರೆ ‘ಈಗ’ ಅನ್ನುವುದು ಅವನು. ಎರಡು ಬಟ್ಟಲು ತನ್ನಿ, ಒಂದರಲ್ಲಿ ಹತ್ತು ಹುಣಸೆ ಬೀಜ ಹಾಕಿ. ಒಂದೊಂದು ‘ನಮಾನ್ ಮರಿಯೆ’ ಮುಗಿದಾಗ ಒಂದೊಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಸ್ಟೀಲ್ ಬಟ್ಟಲಾದರೆ ಟಣ್ ಎನ್ನುತ್ತದೆ, ಅದು ಅವನಿಗೆ ಇಷ್ಟವಾಗುತ್ತದೆ, ಅತ್ತೆಗೆ ಇಷ್ಟವಾಗದೆ ಇರಬಹುದು. ಆಗ ಮರದ ಬಟ್ಟಲು ಮಾಡಿ. ಎಷ್ಟು ಉಳಿದಿದೆ ಎನ್ನುವುದು ಈಗ ಅವನ ಕಣ್ಣೆದುರು ಇದೆ. ಮಕ್ಕಳು ಕಾಯಲಾರರು ಎನ್ನುತ್ತೇವೆ, ನಿಜವಾಗಿ ಅವರಿಗೆ ಆಗದೇ ಇರುವುದು ಕೊನೆ ಕಾಣದ ಕಾಯುವಿಕೆ. (ಬೀಜ ಮೂಗಿಗೆ ಹಾಕಿಕೊಳ್ಳುವ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಬೀಜ ಬೇಡ, ದೊಡ್ಡ ಮರದ ಬ್ಲಾಕ್‌ಗಳಿರಲಿ. ಮೂಗಿನಿಂದ ಬೀಜ ತೆಗೆಯುವುದು ವೈದ್ಯರಾದ ನಮಗೂ ಸಾಕಾಗಿದೆ.)

ರಹಸ್ಯಕ್ಕೆ ಮುಂಚೆ ‘ಇವತ್ತು ಯಾರಿಗೋಸ್ಕರ ಪ್ರಾರ್ಥನೆ ಮಾಡೋಣ’ ಎಂದು ಅವನನ್ನು ಕೇಳಿ. ವ್ಯಾನ್ ಅಂಕಲ್, ಗೇಟಿನ ಹತ್ತಿರದ ನಾಯಿ, ಮುರಿದುಹೋದ ಜೆಸಿಬಿ ಎಂದೆಲ್ಲ ಹೇಳುತ್ತಾನೆ. ನಗಬೇಡಿ, ತಿದ್ದಬೇಡಿ. ಜೆಸಿಬಿಗೋಸ್ಕರವೂ ಒಂದು ನಮಾನ್ ಮರಿಯೆ ಹೇಳಿದರೆ ಸ್ವರ್ಗಕ್ಕೇನೂ ನಷ್ಟವಿಲ್ಲ. ಮತ್ತೆ, ಅವನು ಮನೆಯಲ್ಲಿ ಯಾವ ಭಾಷೆಯಲ್ಲಿ ಹಟ ಮಾಡುತ್ತಾನೋ ಆ ಭಾಷೆಯ ಒಂದು ವಾಕ್ಯವಾದರೂ ಪ್ರಾರ್ಥನೆಯಲ್ಲಿ ಇರಲಿ. ಕೊಂಕಣಿ ಮಂತ್ರ ಅಜ್ಜಿಯಿಂದ ತಾನಾಗಿ ಬರುತ್ತದೆ.

ಹತ್ತನೆಯ ಬೀಜ ಬಿದ್ದ ಮೇಲೆ ಬೆಸಾಂವ್. ನಿಮ್ಮ ಮನೆತನದಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ ಎಂದು ನನ್ನ ಅಭಿಪ್ರಾಯ. ಮಗು ಕೈ ಮುಗಿದು ಬೆಸಾಂವ್ ಕೇಳುವುದು, ಹಿರಿಯರು ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿ ಹರಸುವುದು. ಅಜ್ಜಿಯಿಂದ ಶುರುಮಾಡಿ ಅಪ್ಪ, ಅಮ್ಮ, ಹೀಗೆ ಎಲ್ಲರ ಹತ್ತಿರ ಹೋಗಲಿ. ಇಡೀ ದಿನ ‘ಅದು ಮಾಡಬೇಡ, ಇದು ಮುಟ್ಟಬೇಡ’ ಕೇಳಿದ ಹುಡುಗನಿಗೆ ಮನೆಯ ಮೂರೂ ಜನ ಒಬ್ಬರಾದ ಮೇಲೆ ಒಬ್ಬರು ಹಣೆ ಮುಟ್ಟಿ ಒಳ್ಳೆಯ ಮಾತು ಹೇಳುವ ಕ್ಷಣ ಇದು. ನೆಲದ ಮೇಲೆ ಹೊರಳಾಡಿದ ದಿನವೂ ಬೆಸಾಂವ್ ತಪ್ಪಿಸಬೇಡಿ. ‘ಸರಿಯಾಗಿ ಕೂತಿಲ್ಲ, ಇವತ್ತು ನಿಂಗೆ ಬೆಸಾಂವ್ ಇಲ್ಲ’ ಎಂದು ಅಜ್ಜಿ ಹೇಳದ ಹಾಗೆ ಮೊದಲೇ ಮಾತಾಡಿಕೊಳ್ಳಿ. ಅದಾದ ಮೇಲೆ ಅವನು ಎದ್ದು ಹೋಗಬಹುದು. ಹೋಗದೆ ಅಲ್ಲೇ ಮಡಿಲಲ್ಲಿ ಮಲಗಿದರೆ ಅದೂ ಸರಿ, ಮಲಗಲಿ.

ಈಗ ಭಯದ ವಿಷಯ.

ನಾಲ್ಕೈದು ವರ್ಷದ ಮಗುವಿನ ಯೋಚನೆಗೆ ಒಂದು ವಿಚಿತ್ರ ತರ್ಕವಿದೆ. ತಾನು ಮಾಡಿದ್ದರಿಂದ, ಕೆಲವೊಮ್ಮೆ ಬರೀ ಅಂದುಕೊಂಡದ್ದರಿಂದಲೇ ಜಗತ್ತಿನಲ್ಲಿ ಸಂಗತಿಗಳು ನಡೆಯುತ್ತವೆ ಎಂದು ಅದು ನಂಬುತ್ತದೆ. ಸಾವು ಎಂದರೆ ಮರಳಿ ಬಾರದ್ದು ಎನ್ನುವುದು ಅದಕ್ಕೆ ಇನ್ನೂ ಪೂರ್ತಿ ತಿಳಿದಿರುವುದಿಲ್ಲ. ಈಗ ನಿಮ್ಮ ಮಗನ ಜಾಗದಲ್ಲಿ ನಿಂತು ಒಂದು ವರ್ಷವನ್ನು ನೋಡಿ. ಅಜ್ಜ ಇದ್ದಕ್ಕಿದ್ದಂತೆ ಇಲ್ಲವಾದರು. ಅವನಿಗೆ ಏನು ಹೇಳಿದಿರಿ ಎಂದು ನೀವು ಬರೆದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಹೇಳುವುದು ಸಾಮಾನ್ಯವಾಗಿ ಒಂದೇ: ‘ಅಜ್ಜನನ್ನು ಜೆಜು ಕರಕೊಂಡು ಹೋದ್ರು.’ ಆಮೇಲೆ ಅಜ್ಜಿ ಬಂದರು, ಜೊತೆಗೆ ದಿನಾ ರಾತ್ರಿ ಒಂದು ಮಾತು ಬಂತು: ‘ಜೆಜುವಿಗೆ ಕೋಪ ಬರ್ತದೆ.’ ನಂತರ ಗುಡ್ ಫ್ರೈಡೇ. ಚರ್ಚ್ ಅಂಗಳದಲ್ಲಿ ಒಬ್ಬ ಮನುಷ್ಯನಿಗೆ ಚಾಟಿಯೇಟು, ಮೈತುಂಬ ರಕ್ತ, ಮೊಳೆ. ಬಣ್ಣ ಎಂದು ನಿಮಗೆ ಗೊತ್ತು. ಅದೇ ಮನುಷ್ಯ ಹಾಲ್‌ನ ಗೋಡೆಯ ಮೇಲೂ ಇದ್ದಾನೆ, ಕೆಳಗೆ ಕೆಂಪು ಬಲ್ಬ್ ಉರಿಯುತ್ತಿದೆ.

ಜನರನ್ನು ಕರೆದುಕೊಂಡು ಹೋಗುವವರು, ಕೋಪ ಬರುವವರು, ಮೈಯೆಲ್ಲ ರಕ್ತವಾಗಿರುವವರು: ಈ ಮೂರನ್ನೂ ಕೂಡಿಸಿದರೆ ನೀವಾದರೂ ಕತ್ತಲಲ್ಲಿ ಆ ಹಾಲ್‌ಗೆ ಹೋಗುತ್ತೀರಾ? ಮಂಚದ ಕೆಳಗೆ ಹೋಗುವುದು ಆ ಲೆಕ್ಕಕ್ಕೆ ಸರಿಯಾದ ಉತ್ತರವೇ. ಅವನು ಹೀಗೇ ಕೂಡಿಸಿದ್ದಾನೆ ಎಂದು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಆ ಲೆಕ್ಕ ಇದ್ದರೂ ಇಲ್ಲದಿದ್ದರೂ ಮಾಡಬೇಕಾದ್ದು ಅದೇ, ಹಾಗಾಗಿ ಮಾಡಿಬಿಡಿ.

ಮೊದಲು ಅಜ್ಜನ ಮಾತು. ಹಗಲು ಹೊತ್ತಿನಲ್ಲಿ, ಏನಾದರೂ ಆಡುತ್ತಿರುವಾಗ, ಪಕ್ಕದಲ್ಲಿ ಕೂತು ಸರಳವಾಗಿ ಹೇಳಿ: ‘ಅಜ್ಜಂಗೆ ತುಂಬ ವಯಸ್ಸಾಗಿತ್ತು, ಮೈಗೆ ತುಂಬ ಹುಷಾರಿರಲಿಲ್ಲ. ಡಾಕ್ಟರ್ ಔಷಧಿ ಕೊಟ್ರು, ಆದ್ರೂ ವಾಸಿಯಾಗ್ಲಿಲ್ಲ. ಅಜ್ಜನ ಮೈ ಕೆಲಸ ಮಾಡೋದು ನಿಂತುಹೋಯ್ತು. ಯಾರೂ ಕೋಪ ಮಾಡಿಕೊಂಡಿದ್ದಕ್ಕಲ್ಲ. ನೀನು ಏನೋ ಮಾಡಿದ್ದಕ್ಕಲ್ಲ. ಈಗ ಅಜ್ಜ ದೇವರ ಹತ್ತಿರ ಇದ್ದಾರೆ.’ ಕಾಯಿಲೆ ಏನಿತ್ತೋ ಅದರ ಹೆಸರು ಹೇಳಿ, ಇಲ್ಲದಿದ್ದರೆ ನಾಳೆ ನೆಗಡಿ ಬಂದಾಗ ತನಗೂ ಹಾಗೇ ಆಗುತ್ತದೆ ಅಂದುಕೊಳ್ಳುತ್ತಾನೆ. ‘ಮಲಗಿದರು’ ಎಂದು ಮಾತ್ರ ಹೇಳಬೇಡಿ, ಅದರಿಂದ ರಾತ್ರಿ ಮಲಗಲು ಹೆದರುವ ಮಕ್ಕಳಿದ್ದಾರೆ. ಒಂದು ಸಲ ಹೇಳಿದರೆ ಸಾಲದು. ಹತ್ತು ಸಲ ಅದೇ ಪ್ರಶ್ನೆ ಕೇಳುತ್ತಾನೆ, ಹತ್ತು ಸಲವೂ ಅದೇ ಉತ್ತರ ಕೊಡಿ.

ಆಮೇಲೆ ಕೋಪದ ಮಾತು. ಇದನ್ನು ನೀವು ರಿಪೇರಿ ಮಾಡಲಾಗದು, ಹೇಳಿದವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅಜ್ಜಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ‘ಜೆಜುವಿಗೆ ನಿನ್ನ ಮೇಲೆ ಕೋಪ ಇಲ್ಲ ಬಾಬಾ. ಮಕ್ಕಳು ಗಲಾಟೆ ಮಾಡ್ತಾರೆ ಅಂತ ಅವರಿಗೆ ಗೊತ್ತುಂಟು’ ಎಂದು ಒಂದು ಸಲ ಹೇಳಿದರೆ, ನೀವು ಒಂದು ತಿಂಗಳು ಹೇಳಿದ್ದಕ್ಕಿಂತ ಹೆಚ್ಚು. ಅತ್ತೆಗೆ ಒಪ್ಪಿಸುವುದು ಹೇಗೆ? ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯ ತೆಗೆದು ಕೊಡಿ. ಮಕ್ಕಳನ್ನು ಯೇಸುವಿನ ಬಳಿಗೆ ತಂದವರನ್ನು ಶಿಷ್ಯರು ಗದರಿಸುತ್ತಾರೆ, ಯೇಸುವಿಗೆ ಕೋಪ ಬರುವುದು ಗದರಿಸಿದ ದೊಡ್ಡವರ ಮೇಲೆ. ಓದಿದರೆ ಸಾಕು, ಅರ್ಥ ಬಿಡಿಸಿ ಹೇಳುವ ಉಸಾಬರಿ ನಿಮಗೆ ಬೇಡ.

ದೇವರ ಹೆಸರು ಹೇಳಿ ಊಟ ಮಾಡಿಸುವುದು, ಹೋಂವರ್ಕ್ ಮಾಡಿಸುವುದು, ಮಲಗಿಸುವುದು, ಎಲ್ಲ ಧರ್ಮದ ಮನೆಗಳಲ್ಲೂ ನಡೆಯುತ್ತದೆ. ನಮ್ಮನ್ನೂ ಹಾಗೇ ಬಳಸುತ್ತಾರೆ, ‘ಸುಮ್ನಿರು, ಡಾಕ್ಟರ್ ಹತ್ರ ಹೇಳಿ ಸೂಜಿ ಚುಚ್ಚಿಸ್ತೀನಿ’ ಎಂದು. ಆ ಮಗು ನಿಜಕ್ಕೂ ಜ್ವರ ಬಂದಾಗ ನಮ್ಮ ಕೋಣೆಯ ಬಾಗಿಲಲ್ಲೇ ಕಿರುಚಲು ಶುರುಮಾಡುತ್ತದೆ, ಬಾಯಿ ತೆರೆಸಿ ಗಂಟಲು ನೋಡಲು ಮೂರು ಜನ ಬೇಕು. ಕಷ್ಟ ಬಂದಾಗ ಓಡಿ ಹೋಗಬೇಕಾದ ಜಾಗವನ್ನೇ ಹೆದರಿಕೆಯ ಜಾಗ ಮಾಡಿಟ್ಟಿರುತ್ತೇವೆ. ಕುಣಿಯಬೇಡ ಅನ್ನಬೇಕಿದ್ದರೆ ‘ಅಜ್ಜಿಗೆ ಪ್ರಾರ್ಥನೆ ಕೇಳಿಸ್ತಾ ಇಲ್ಲ, ಮೆಲ್ಲಗೆ’ ಅನ್ನಿ. ನಿಜವಾದ ಕಾರಣ ಅದೇ ಅಲ್ಲವೆ?

ಮೊಳೆಯ ಪ್ರಶ್ನೆಗೆ ಉತ್ತರ ಚಿಕ್ಕದಾಗಿರಲಿ, ಸುಳ್ಳಾಗಿರಬಾರದು. ‘ಯೇಸುಸ್ವಾಮಿ ಎಲ್ಲರನ್ನೂ ಪ್ರೀತಿ ಮಾಡ್ತಿದ್ರು. ಕೆಲವರಿಗೆ ಅವರನ್ನ ಕಂಡ್ರೆ ಆಗ್ತಿರಲಿಲ್ಲ, ಅವರು ಹೀಗೆ ನೋವು ಮಾಡಿದ್ರು. ಅದು ತಪ್ಪು. ಯೇಸು ಸತ್ತುಹೋದ್ರು. ಮೂರನೇ ದಿನ ಮತ್ತೆ ಎದ್ದುಬಂದ್ರು. ಈಗ ಅವರಿಗೆ ನೋವಿಲ್ಲ.’ ಕೊನೆಯ ಎರಡು ವಾಕ್ಯ ಎಂದೂ ಬಿಡಬೇಡಿ. ಬಹಳ ಮನೆಗಳಲ್ಲಿ ಕಥೆ ಶುಕ್ರವಾರಕ್ಕೇ ನಿಂತುಬಿಡುತ್ತದೆ, ಪಾಸ್ಖದ (ಈಸ್ಟರ್) ಭಾನುವಾರ ಬಿರಿಯಾನಿಯ ಗಡಿಬಿಡಿಯಲ್ಲಿ ಮುಂದಿನದನ್ನು ಯಾರೂ ಹೇಳುವುದಿಲ್ಲ. ‘ನಮ್ಮ ಪಾಪಕ್ಕಾಗಿ’ ಎನ್ನುವುದನ್ನು ಈಗ ತರಬೇಡಿ. ನಿಮ್ಮ ವಿಶ್ವಾಸದ ನಡುಗಂಬವೇ ಅದು, ನಿಜ. ಆದರೆ ನಾಲ್ಕೂವರೆ ವರ್ಷದವನ ಕಿವಿಗೆ ಅದು ‘ನಾನು ಹಟ ಮಾಡಿದ್ದಕ್ಕೆ ಅವರಿಗೆ ಮೊಳೆ ಹೊಡೆದರು’ ಎಂದೇ ಕೇಳಿಸುತ್ತದೆ. ಮೊದಲ ಪರಮಪ್ರಸಾದದ ತಯಾರಿಯ ಹೊತ್ತಿಗೆ ಅದನ್ನು ಹೇಳಲು ಕ್ಯಾಟೆಕಿಸಂ ಟೀಚರ್ ಇದ್ದಾರೆ, ಆಗ ಅವನ ಬುದ್ಧಿಯೂ ಬಲಿತಿರುತ್ತದೆ. ಮುಂದಿನ ಒಂದೆರಡು ವರ್ಷ ಆ ಅಭಿನಯಕ್ಕೆ ಕರೆದೊಯ್ಯಬೇಡಿ. ಗರಿಗಳ ಭಾನುವಾರಕ್ಕೆ ಹೋಗಲಿ. ಕೈಯಲ್ಲಿ ಗರಿ ಹಿಡಿದು ಮೆರವಣಿಗೆಯಲ್ಲಿ ನಡೆಯುವುದು ಈ ವಯಸ್ಸಿಗೆ ಹೇಳಿ ಮಾಡಿಸಿದ ಪೂಜೆ.

ಈ ವಿಷಯದಲ್ಲಿ ಇಬ್ಬರು ಹೆಂಗಸರು ಮಾಡಿದ ಕೆಲಸ ನೆನಪಾಗುತ್ತದೆ. ಬೈಬಲ್ ವಿದ್ವಾಂಸೆ ಸೋಫಿಯಾ ಕವಲೆತ್ತಿ ಮತ್ತು ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿ 1954ರಲ್ಲಿ ರೋಮ್‌ನಲ್ಲಿ ಪುಟ್ಟ ಮಕ್ಕಳ ಧರ್ಮಬೋಧನೆಗೆ ಒಂದು ಹೊಸ ದಾರಿ ಶುರುಮಾಡಿದರು. ಮಕ್ಕಳ ಎತ್ತರದ ಆಲ್ತಾರ್, ಅವರೇ ಮುಟ್ಟಿ ಜೋಡಿಸಬಹುದಾದ ಮರದ ಬೊಂಬೆಗಳು, ಕಡಿಮೆ ಮಾತು. ಮೂರರಿಂದ ಆರು ವರ್ಷದವರು ಮತ್ತೆಮತ್ತೆ ಹೋಗಿ ನಿಲ್ಲುತ್ತಿದ್ದುದು ಒಂದೇ ಕಥೆಯ ಮುಂದೆ: ಪ್ರತಿಯೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುವ ಒಳ್ಳೆಯ ಕುರುಬ. ಅದಕ್ಕೇ ಆ ಪದ್ಧತಿಗೆ ಒಳ್ಳೆಯ ಕುರುಬನ ಹೆಸರೇ ಉಳಿಯಿತು. ನಿಮ್ಮ ಹಾಲ್‌ನ ಶಿಲುಬೆಯನ್ನು ಇಳಿಸಬೇಕಾಗಿಲ್ಲ, ಅತ್ತೆಗೆ ನೋವಾಗುತ್ತದೆ, ಅಗತ್ಯವೂ ಇಲ್ಲ. ಕೆಂಪು ಬಲ್ಬ್ ತೆಗೆದು ಹಳದಿಯದು ಹಾಕಿ. ಮಗನ ಕಣ್ಣಿನ ಎತ್ತರಕ್ಕೆ ಒಂದು ಪುಟ್ಟ ಹಲಗೆ ಹೊಡೆಸಿ, ಅದರ ಮೇಲೆ ಕುರಿಮರಿ ಹೊತ್ತ ಯೇಸುವಿನ ಚಿತ್ರವನ್ನೋ ಬಾಲಯೇಸುವಿನ ಪುಟ್ಟ ಪ್ರತಿಮೆಯನ್ನೋ ಇಡಿ. ವಿವೇಕನಗರದ ಬಾಲಯೇಸುವಿನ ಚರ್ಚಿಗೆ ಒಂದು ಗುರುವಾರ ಕರೆದುಕೊಂಡು ಹೋಗಿ, ಪ್ರತಿಮೆಯನ್ನು ಅವನೇ ಆರಿಸಿ ತರಲಿ. ಆ ಹಲಗೆ ಅವನದು. ಅದರ ಮೇಲೆ ಅವನ ಡೈನೋಸಾರ್ ಬಂದು ಕೂತರೂ ಒಂದು ವಾರ ಸುಮ್ಮನಿರಿ.

ಭಾನುವಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ಬೆಂಚು ಬಿಡಿ, ಮುಂದೆ ಕೂರಿ. ಹಿಂದೆ ಕೂತ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ತಿಂಡಿ ತಿನ್ನಿಸಿಯೇ ಕರೆತನ್ನಿ, ಒಂದು ಗಂಟೆಯ ಉಪವಾಸ ಪರಮಪ್ರಸಾದ ಸ್ವೀಕರಿಸುವವರಿಗೆ, ಅವನಿಗಲ್ಲ. ಅತ್ತರೆ ಹೊರಗೆ ಕರೆದೊಯ್ಯಿರಿ, ಆದರೆ ಅಲ್ಲಿ ಆಟ ಶುರುವಾಗುವುದು ಬೇಡ. ಐದು ನಿಮಿಷ ಎತ್ತಿಕೊಂಡು ನಿಂತು ಒಳಗೆ ಬನ್ನಿ, ಇಲ್ಲದಿದ್ದರೆ ಅತ್ತರೆ ಅಂಗಳ ಸಿಗುತ್ತದೆ ಎಂದು ಎರಡೇ ವಾರದಲ್ಲಿ ಕಲಿಯುತ್ತಾನೆ. ಒಂದು ವಾರ ನೀವು ಹೊರಗೆ ಹೋದರೆ ಮುಂದಿನ ವಾರ ನಿಮ್ಮ ಗಂಡ. ಮೊಬೈಲ್ ಬೇಡ. ತಿರುಗಿ ನೋಡುವವರು ನೋಡಲಿ. ಪೋಪ್ ಫ್ರಾನ್ಸಿಸ್ ಸಿಸ್ಟೀನ್ ಚಾಪೆಲ್‌ನಲ್ಲಿ ಶಿಶುಗಳಿಗೆ ಜ್ಞಾನಸ್ನಾನ ಕೊಡುವಾಗ, ಮಕ್ಕಳು ಅತ್ತರೆ ಸಂಕೋಚ ಬೇಡ, ಹಸಿದಿದ್ದರೆ ಅಲ್ಲೇ ಹಾಲು ಕುಡಿಸಿ ಎಂದು ತಾಯಂದಿರಿಗೆ ಹೇಳುತ್ತಿದ್ದರು. ಮೈಕೆಲೆಂಜೆಲೊನ ಚಿತ್ರಗಳ ಕೆಳಗೆ ಅಳಬಹುದಾದರೆ ನಿಮ್ಮ ಧರ್ಮಕೇಂದ್ರದಲ್ಲೂ ಅಳಬಹುದು.

ನಿಮ್ಮ ಗಂಡನ ‘ಆಮೆನ್’ ಬಗ್ಗೆ ಒಂದು ಮಾತು, ಇದನ್ನು ಅವರಿಗೇ ಓದಿಸಿ. ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತಿರುವ ಮನೆಯಲ್ಲಿ ಮಗ ಮಾತ್ರ ಮೊಣಕಾಲೂರಬೇಕು ಎಂದರೆ ಅವನಿಗೆ ನ್ಯಾಯ ಅನಿಸುವುದಿಲ್ಲ, ಅದು ನ್ಯಾಯವೂ ಅಲ್ಲ. ಐದೂ ರಹಸ್ಯಕ್ಕೆ ಆಗದಿದ್ದರೆ ಬೇಡ. ಮಗನ ಆ ಒಂದು ರಹಸ್ಯಕ್ಕೆ, ಬೆಸಾಂವ್ ಮುಗಿಯುವವರೆಗೆ, ಮುಚ್ಚಿದ ಲ್ಯಾಪ್‌ಟಾಪ್ ಮತ್ತು ನೆಲದ ಮೇಲೆ ಕೂತ ಅಪ್ಪ ಬೇಕು. ನಾನು ಮೇಲೆ ಹೇಳಿದ್ದರಲ್ಲಿ ಏನಾದರೂ ಒಂದನ್ನೇ ಮಾಡಲು ಸಾಧ್ಯ ಎಂದರೆ ಇದನ್ನೇ ಮಾಡಿ ಎನ್ನುತ್ತೇನೆ.

ಅತ್ತೆಯ ಕಡೆಯಿಂದಲೂ ನೋಡಿ. ಗಂಡನನ್ನು ಕಳೆದುಕೊಂಡು, ಅಂಗಳ, ಹಟ್ಟಿ, ವಾಡೊದ (ಕೇರಿಯ) ಜನ, ಫಿರ್ಗಜೆಯ (ಊರ ಚರ್ಚಿನ) ಗಂಟೆ ಎಲ್ಲ ಬಿಟ್ಟು ಬೆಂಗಳೂರಿನ ಫ್ಲ್ಯಾಟ್‌ಗೆ ಬಂದಿದ್ದಾರೆ. ಹಗಲೆಲ್ಲ ಮಾತಾಡುವವರಿಲ್ಲ. ಅವರು ಹಿರಿಯರಾಗಿ, ನಡೆಸುವವರಾಗಿ ಇರುವುದು ಆ ಅರ್ಧ ಗಂಟೆ ಮಾತ್ರ. ಮೊಮ್ಮಗ ಅಲ್ಲಿ ಕುಣಿದರೆ ಅವರಿಗೆ ತುಂಟತನ ಕಾಣುವುದಿಲ್ಲ, ಊರಿನಿಂದ ಉಳಿಸಿ ತಂದ ಒಂದೇ ಒಂದು ವಸ್ತು ಕೈಜಾರುತ್ತಿರುವ ಹಾಗೆ ಕಾಣುತ್ತದೆ. ಅವರಿಗೆ ತೇರ್ಸ್ ಅಲ್ಲದೆ ಬೇರೆ ಅಧಿಕಾರಗಳನ್ನೂ ಕೊಡಿ. ಆಗಸ್ಟ್ 30ರಿಂದ ಒಂಬತ್ತು ದಿನ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ನ ನೊವೆನಾ, ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಮ್ಮನಿಗೆ ಎರಚುವ ದಿನಗಳು. ಅಪಾರ್ಟ್‌ಮೆಂಟಿನಲ್ಲಿ ಹೂ ಎಲ್ಲಿ ಸಿಗುತ್ತದೆ ಎಂದು ಹುಡುಕುವುದು ಅಜ್ಜಿ ಮೊಮ್ಮಗನ ಕೆಲಸವಾಗಲಿ, ಒಂಬತ್ತು ಸಂಜೆ ಇಬ್ಬರೂ ಕೆಳಗಿಳಿಯುತ್ತಾರೆ, ಅವನ ಓಡಾಟವೂ ಆಯಿತು. ಸೆಪ್ಟೆಂಬರ್ 8ರಂದು ಚರ್ಚಿನಿಂದ ತಂದ ಹೊಸ ತೆನೆಯ ಕಾಳನ್ನು ಸುಲಿದು ಹಾಲಿಗೆ ಹಾಕುವುದನ್ನು ಅಜ್ಜಿಯೇ ತೋರಿಸಲಿ. ಡಿಸೆಂಬರಿನಲ್ಲಿ ಕ್ರಿಸ್ಮಸ್ ತಿಂಡಿ ಕುಸ್ವಾರ್ ಮಾಡುವಾಗ ಕಿಡಿಯೊ (ಸುರುಳಿ ಆಕಾರದ ಕರಿದ ತಿಂಡಿ) ಉರುಳಿಸಲು ಒಂದು ಫೋರ್ಕ್ ಅಥವಾ ಹೊಸ ಬಾಚಣಿಗೆ ಅವನ ಕೈಗೆ ಕೊಡಿ. ಹಿಟ್ಟನ್ನು ಅದರ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುವುದು ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ನಾವು ಬರೆದುಕೊಡುವ ವ್ಯಾಯಾಮಕ್ಕಿಂತ ಒಳ್ಳೆಯದು. ಸೊಟ್ಟಗಾದ ಕಿಡಿಯೊಗಳನ್ನೂ ಎಣ್ಣೆಗೆ ಬಿಡಿ. ಅಜ್ಜಿಯ ಜೊತೆ ಹೀಗೆ ಕೈಕೆಲಸದಲ್ಲಿ ಬೆಳೆದ ಸಲುಗೆ ತೇರ್ಸ್ ಹೊತ್ತಿಗೂ ಜೊತೆಗಿರುತ್ತದೆ.

ಯಾವಾಗ ವೈದ್ಯರನ್ನು ನೋಡಬೇಕು? ಇಷ್ಟೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ಹೆದರಿಕೆ ಇಳಿಯದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಶಾಲೆಗೆ ಹೋಗಲೂ ಹೆದರಿದರೆ, ‘ನಾನು ಕೆಟ್ಟವನಾ’ ಎಂದು ದಿನಕ್ಕೆ ಹಲವು ಸಲ ಕೇಳತೊಡಗಿದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಅವರು ಬೇಕಾದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕಳಿಸುತ್ತಾರೆ. ರಾತ್ರಿ ಹೊತ್ತು ನಿಮಗೇ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕೂರದಿರುವುದರ ವಿಷಯಕ್ಕೆ ಬಂದರೆ, ಪ್ರಾರ್ಥನೆಯಲ್ಲಿ ಕೂರುತ್ತಾನೋ ಇಲ್ಲವೋ ಎನ್ನುವುದನ್ನು ನಾವು ಕೇಳುವುದೇ ಇಲ್ಲ. ಇಷ್ಟವಾದ ಕಥೆ ಕೇಳುವಾಗ, ಬ್ಲಾಕ್ ಜೋಡಿಸುವಾಗ, ಮರಳಿನಲ್ಲಿ ಆಡುವಾಗಲೂ ಒಂದು ಕಡೆ ನಿಲ್ಲುವುದಿಲ್ಲವೆ, ಶಾಲೆಯಲ್ಲೂ ಟೀಚರ್ ಅದನ್ನೇ ಹೇಳುತ್ತಾರೆಯೆ, ಹೆಸರು ಕರೆದರೆ ತಿರುಗುವುದಿಲ್ಲವೆ ಎಂದು ನೋಡುತ್ತೇವೆ. ಹಾಗಿದ್ದರೆ ಬನ್ನಿ. ಬರೀ ತೇರ್ಸ್‌ನಲ್ಲಿ ಮಾತ್ರ ಎಂದರೆ ಬರಬೇಡಿ.

ಹೊಸ ಏರ್ಪಾಡನ್ನು ಹಬ್ಬದ ದಿನ, ನೆಂಟರು ಬಂದ ದಿನ ಶುರುಮಾಡಬೇಡಿ, ಒಂದು ಸಾಮಾನ್ಯ ಸೋಮವಾರ ನೋಡಿ. ಮೊದಲ ವಾರ ಮಂಚದ ಕೆಳಗಿಂದ ಎಳೆದು ತರುವುದು ಬೇಡವೇ ಬೇಡ. ಬಾಗಿಲು ತೆರೆದಿಡಿ, ಬೀಜದ ಬಟ್ಟಲನ್ನು ಅವನಿಗೆ ಕಾಣುವ ಕಡೆ ಇಟ್ಟು ನೀವು ಮೂವರೇ ಆ ಒಂದು ರಹಸ್ಯ ಮುಗಿಸಿ. ಅಪ್ಪ ಬೀಜ ಎಣಿಸುವಾಗ ತಪ್ಪು ಮಾಡಿದರೆ ಅವನು ಬೇಗ ಹೊರಗೆ ಬರುತ್ತಾನೆ.

ಇನ್ನು ಚಾಕೊಲೇಟ್. ಬೇಡ. ಕೂತಿದ್ದಕ್ಕೆ ಕೂಲಿ ಕೊಟ್ಟರೆ ಎರಡನೆಯ ವಾರ ಎರಡು ಕೇಳುತ್ತಾನೆ, ಕೊಡದ ದಿನ ಕೂರುವುದಿಲ್ಲ. ಆದರೆ ಭಾನುವಾರ ಪೂಜೆ ಮುಗಿಸಿ ಬರುವಾಗ ಬೇಕರಿಯಲ್ಲಿ ನಿಂತು ಮನೆಯವರೆಲ್ಲ ಒಂದೊಂದು ಎಗ್ ಪಫ್ಸ್ ತಿನ್ನುವ ರೂಢಿ ಇಟ್ಟುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಚರ್ಚಿನಲ್ಲಿ ಗಲಾಟೆ ಮಾಡಿದ ಭಾನುವಾರವೂ ಅವನಿಗೆ ಪಫ್ಸ್ ಸಿಗಬೇಕು.